ಎರಡು ರಾಜ್ಯ, ಎರಡು ಜಿಬಿ

ಲ್ಯಾಪ್‌ಟಾಪಿಗೆ ಎರಡು ಜಿಬಿ ರ‍್ಯಾಮ್ ಸಾಕು ಎಂದು ತೀರ್ಮಾನಿಸಿದ ಮಹಾನುಭಾವ ಗಡಿಯಲ್ಲಿ ಹುಟ್ಟಿದವನಲ್ಲ. ಅವನಿಗೆ ಒಂದೇ ರಾಜ್ಯ, ಒಂದೇ ಜಿಲ್ಲೆ, ಒಂದೇ ಪಹಣಿ ಇದ್ದಿರಬೇಕು. ಬೆಳಿಗ್ಗೆ ಎದ್ದು ಒಂದು ಭಾಷೆಯ ಪೇಪರ್ ಓದಿ, ಒಂದು ಸರ್ಕಾರವನ್ನು ಬೈದು, ನೆಮ್ಮದಿಯಿಂದ ಸ್ನಾನಕ್ಕೆ ಹೋಗುವ ಜನಕ್ಕೆ ಎರಡು ಜಿಬಿ ಧಾರಾಳವಾಯಿತು. ಜಹೀರಾಬಾದಿನ ನಮ್ಮ ಮನೆಯಲ್ಲಿ ಬೈಯಬೇಕಾದ ಸರ್ಕಾರಗಳೇ ಎರಡು.

ಇದಕ್ಕೆ ಕಾರಣ 1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆ. ಆ ವರ್ಷದ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯವರು. ಅಂದು ಬೀದರ್ ಮೈಸೂರಿಗೆ ಹೋಯಿತು. ಜಹೀರಾಬಾದ್ ತಾಲೂಕು, ನಾರಾಯಣಖೇಡ ತಾಲೂಕು, ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್ ಇವಿಷ್ಟು ಆಂಧ್ರಪ್ರದೇಶದ ಮೇದಕ್ ಜಿಲ್ಲೆಗೆ ಬಂದವು. ಇಷ್ಟೇ ಆಗಿದ್ದರೆ ನಾವು ಅತ್ತೋ ಇತ್ತೋ ಒಂದು ಕಡೆಯವರಾಗಿ ಸುಖವಾಗಿರುತ್ತಿದ್ದೆವು. ಆದರೆ ಕಾಯ್ದೆ ಬರೆದವರು ಜಹೀರಾಬಾದ್ ತಾಲೂಕಿನ ಪಕ್ಕದಲ್ಲಿ ಮೂರೇ ಪದದ ಒಂದು ವಿನಾಯಿತಿ ಸೇರಿಸಿದ್ದರು: ನಿರ್ಣಾ ಸರ್ಕಲ್ ಹೊರತು. ನಮ್ಮ ಅಜ್ಜನ ಹೊಲ ಸರಿಯಾಗಿ ಆ ಮೂರು ಪದದ ಮೇಲೆ ಇತ್ತು. ಬಾವಿ ಆಂಧ್ರಕ್ಕೆ ಬಂತು, ಬೇವಿನ ಮರ ಮೈಸೂರಿಗೆ ಹೋಯಿತು. ಅಪ್ಪನಿಗೆ ಆಗ ಒಂಬತ್ತು ವರ್ಷ. ಬಾವಿಯ ನೀರು ಕುಡಿದು ಬೇವಿನ ನೆರಳಿಗೆ ಹೋಗುವಾಗ ರಾಜ್ಯ ದಾಟುತ್ತಿದ್ದೇನೆ ಎಂದು ಅವನಿಗೆ ಯಾರೂ ಹೇಳಲಿಲ್ಲವಂತೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಸಿಟ್ಟು ಸಿಟ್ಟಾಗಿಯೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದು ಕಂಪ್ಯೂಟರಿಗೆ ಬಂದದ್ದರಿಂದ ಪಂಚಾಯಿತಿ ಶುರುವಾಯಿತು. ಈ ಕಡೆಯ ಕಬ್ಬಿನ ಹೊಲದ ದಾಖಲೆ ತೆಲಂಗಾಣದ ಪೋರ್ಟಲ್‌ನಲ್ಲಿದೆ. 2020ರ ಅಕ್ಟೋಬರಿನಲ್ಲಿ ಅದಕ್ಕೆ ಧರಣಿ ಎಂದು ನಾಮಕರಣವಾಗಿತ್ತು, 2025ರ ಏಪ್ರಿಲಿನಿಂದ ಭೂ ಭಾರತಿ. ಆ ಕಡೆಯ ತೊಗರಿ ಹೊಲ ಕರ್ನಾಟಕದ ‘ಭೂಮಿ’ಯಲ್ಲಿದೆ, ಅದರ ಬೆನ್ನಿಗೆ ರೈತರ ನೋಂದಣಿಯ ಫ್ರೂಟ್ಸ್ ಐಡಿ. ಅಪ್ಪನಿಗೆ ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ಸಮಾಧಾನವಿಲ್ಲ. ಎರಡೂ ಪಕ್ಕಪಕ್ಕದಲ್ಲಿ ತೆರೆದಿರಬೇಕು. ‘ಈ ಕಡೀದು ನೋಡೋವಾಗ ಆ ಕಡೀದು ಮುಚ್ಚಿದ್ರ ಬದು ಎಲ್ಲಿ ಅದ ಅಂತ ಹೆಂಗ ತಿಳೀಬೇಕು?’ ಎಂಬುದು ಅವನ ವಾದ. ಬದು ಕಂಪ್ಯೂಟರಿನಲ್ಲಿ ಕಾಣುವುದಿಲ್ಲ ಎಂದರೆ ಅವನು ಕೇಳುವುದಿಲ್ಲ.

ಲ್ಯಾಪ್‌ಟಾಪೋ, ತಮ್ಮ ಹೈದರಾಬಾದಿನಲ್ಲಿ ಓದುವಾಗ ಕೊಂಡದ್ದು. ಹನ್ನೊಂದೂವರೆ ಇಂಚಿನ ಪರದೆ, ಸೆಲೆರಾನ್ ಎನ್2840 ಪ್ರೊಸೆಸರ್, ಎರಡು ಜಿಬಿ ರ‍್ಯಾಮ್. ಅವನಿಗೆ ನೌಕರಿ ಸಿಕ್ಕಿ ದೊಡ್ಡದು ಕೊಂಡ ಮೇಲೆ ಇದು ಊರಿಗೆ ಬಂತು. ಪಟ್ಟಣದಲ್ಲಿ ಕೈಲಾಗದ್ದನ್ನು ಊರಿಗೆ ಕಳಿಸುವುದು ಹಳೆಯ ಪದ್ಧತಿ. ಇಲ್ಲಿಗೆ ಬಂದು ಅದು ಆರಾಮವಾಗಿ ಕೂತು ಉಣ್ಣಬಹುದು ಅಂದುಕೊಂಡಿತ್ತೇನೋ. ಬಂದ ವಾರವೇ ಅದರ ಮೇಲೆ ಇಡೀ ಮನೆ ಹತ್ತಿ ಕೂತಿತು. ಮಗಳ ಹತ್ತನೇ ಕ್ಲಾಸಿನ ವಿಡಿಯೋ ಪಾಠ, ಹೆಂಡತಿಯ ಕನ್ನಡ ಧಾರಾವಾಹಿ, ಅಪ್ಪನ ಎರಡು ಪಹಣಿ. ಇದು ಸಾಲದೆಂಬಂತೆ ನಾರಾಯಣಖೇಡದಿಂದ ಬರುವ ವೈನಿಯ ತಮ್ಮ. ಅವನು ನೌಕರಿ ಹುಡುಕುತ್ತಿರುವ ಹುಡುಗ. ಈ ಕಡೆ ಸಂವಿಧಾನದ 371ಡಿ, ಆ ಕಡೆ 371ಜೆ. ಹಳೆಯ ಬೀದರ್ ಜಿಲ್ಲೆಯವನಾದ ತನಗೆ ಆ ಕಡೆಯ ಮೀಸಲಾತಿಯೂ ಯಾಕೆ ಸಿಗಬಾರದು ಎಂದು ಅವನು ಎರಡೂ ಕಲಮುಗಳನ್ನು ಎದುರಾಬದುರು ತೆರೆದಿಟ್ಟುಕೊಂಡು ಗಂಟೆಗಟ್ಟಲೆ ನೋಡುತ್ತಾನೆ. ನೋಡಿದರೆ ಕಲಮು ಬದಲಾಗುವುದಿಲ್ಲ, ಲ್ಯಾಪ್‌ಟಾಪ್ ಮಾತ್ರ ಹ್ಯಾಂಗ್ ಆಗುತ್ತದೆ.

ಹ್ಯಾಂಗ್ ಆಗುವುದಕ್ಕೆ ಕಾರಣವನ್ನು ಮಗಳು ವಿವರಿಸಿದಳು. ಎರಡು ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಿಂಡೋಸೇ ನುಂಗುತ್ತದೆ. ಉಳಿದದ್ದು ಬ್ರೌಸರಿನ ಮೂರ್ನಾಲ್ಕು ಟ್ಯಾಬಿಗೆ ಮುಗಿಯಿತು. ಜಾಗ ಸಾಲದಾದಾಗ ಯಂತ್ರ ರ‍್ಯಾಮಿನಲ್ಲಿದ್ದದ್ದನ್ನು ಹಾರ್ಡ್‌ಡಿಸ್ಕಿಗೆ ಸಾಗಿಸುತ್ತದೆ, ಬೇಕೆಂದಾಗ ಮತ್ತೆ ಹೊತ್ತು ತರುತ್ತದೆ. ರ‍್ಯಾಮಿನಿಂದ ಒಂದು ಅಂಕಿ ತರಲು ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕಾದರೆ, ತಿರುಗುವ ಡಿಸ್ಕಿನಲ್ಲಿ ಹುಡುಕಿ ತರಲು ನೂರರಲ್ಲೊಂದು ಭಾಗ ಬೇಕು. ಅಂದರೆ ಲಕ್ಷಪಟ್ಟು ನಿಧಾನ. ಭೂ ಭಾರತಿ ನೋಡುತ್ತಿದ್ದ ಅಪ್ಪ ‘ಈಗ ಭೂಮಿ ತೆಗಿ’ ಅಂದಾಗ ಒಳಗೆ ನಡೆಯುವುದು ಇದೇ ಗುಳೆ. ಇಡೀ ತೆಲಂಗಾಣ ಗಂಟುಮೂಟೆ ಕಟ್ಟಿ ಡಿಸ್ಕಿಗೆ ಹೋಗಬೇಕು, ಆಮೇಲೆ ಕರ್ನಾಟಕ ಬರಬೇಕು. 1956ರಲ್ಲಿ ಒಮ್ಮೆ ಆದದ್ದು ನಮ್ಮ ಮನೆಯಲ್ಲಿ ದಿನಾ ಆಗುತ್ತಿತ್ತು.

ರ‍್ಯಾಮ್ ಬದಲಿಸಬೇಕೆಂಬ ಸುದ್ದಿ ಹೊರಬಿದ್ದದ್ದೇ ತಡ, ತಾಂಡೂರಿನಿಂದ ಮಾಮಾನ ಫೋನು. ಮಾಮಾ ಅವ್ವನ ತಮ್ಮ. ಪರ್ಸಿ ಕಲ್ಲಿನ ವ್ಯಾಪಾರ. ಅವನಿಗೂ ಅಪ್ಪನಿಗೂ ಒಂದು ಹಳೆಯ ಜಿದ್ದು ಇದೆ: ಇದ್ದ ಮನೆ ಬಿಟ್ಟು ಅಲ್ಲಾಡದೆ ಯಾರು ಹೆಚ್ಚು ಜಿಲ್ಲೆ ಕಂಡಿದ್ದಾರೆ ಎಂಬುದು. ಅಪ್ಪನದು ಬೀದರ್, ಮೇದಕ್, 2016ರಿಂದ ಸಂಗಾರೆಡ್ಡಿ, ಒಟ್ಟು ಮೂರು. ಮಾಮಾನದು ಗುಲ್ಬರ್ಗಾದಿಂದ ಶುರು. 1956ರಲ್ಲಿ ತಾಂಡೂರು ತಾಲೂಕು ಹೈದರಾಬಾದ್ ಜಿಲ್ಲೆಗೆ ಸೇರಿತು, 1978ರಲ್ಲಿ ರಂಗಾರೆಡ್ಡಿ ಜಿಲ್ಲೆಯಾಯಿತು, 2016ರಲ್ಲಿ ವಿಕಾರಾಬಾದ್. ನಾಲ್ಕು. ಪ್ರತಿ ಸಲ ಮಾತು ಇಲ್ಲಿಗೆ ಬಂದಾಗ ಅಪ್ಪ ‘ನಮ್ದು ಹೊಲ ಎರಡು ರಾಜ್ಯದಾಗ ಅದ, ನಿಂದು ಅದ ಏನು?’ ಎಂದು ಫೋನಿಡುತ್ತಾನೆ.

ಮಾಮಾನ ಸಲಹೆ ಒಂದೇ. ‘ಓರಿಜಿನಲ್ ತಗೋರಿ.’ 2022ರಲ್ಲಿ ತಾಂಡೂರು ತೊಗರಿಗೆ ಜಿಐ ಟ್ಯಾಗ್ ಸಿಕ್ಕಂದಿನಿಂದ ಟ್ಯಾಗ್ ಇಲ್ಲದ ಯಾವ ವಸ್ತುವನ್ನೂ ಅವನು ನಂಬುವುದಿಲ್ಲ. ರ‍್ಯಾಮ್ ಯಾವ ಊರಿನದು, ಆ ಊರಿನ ಮಣ್ಣು ಎಂಥದು ಎಂದು ವಿಚಾರಿಸಿದ. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ಪು ಮಾಡುವವರು ಮೂರೇ ಜನ, ಕೊರಿಯಾದ ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್ ಎಂದು ಮಗಳು ಹೇಳಿದಾಗ ‘ಮೂರೇ ಮಂದಿ ಇದ್ರ ಪೈಪೋಟಿ ಇಲ್ಲ, ರೇಟ್ ಅವ್ರು ಹೇಳಿದ್ದೇ’ ಎಂದ. ಕಲ್ಲಿನ ವ್ಯಾಪಾರಿಗೆ ಇದು ಕೂಡಲೇ ಹೊಳೆಯಿತು ನೋಡಿ. 2025ರ ಕೊನೆಗೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಚಿಪ್ಪುಗಳನ್ನು ಬಾಚಿಕೊಂಡು ಜಗತ್ತಿನ ತುಂಬ ರ‍್ಯಾಮ್ ತುಟ್ಟಿಯಾದಾಗ ಅರ್ಥಶಾಸ್ತ್ರಜ್ಞರು ಪುಟಗಟ್ಟಲೆ ಬರೆದದ್ದೂ ಅದನ್ನೇ.

ಎಲ್ಲಿಂದ ತರುವುದು? ಬೀದರ್ ಹತ್ತಿರ, ಸಿಕಂದರಾಬಾದ್ ದೂರ. ದೂರ ಹತ್ತಿರಗಳಿಂದ ತೀರ್ಮಾನವಾಗುವ ಕಾಲ ಹೋಯಿತು. 2023ರ ಡಿಸೆಂಬರ್ 9ರಿಂದ ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯಲ್ಲಿ ಹೆಂಗಸರಿಗೆ ಪಲ್ಲೆ ವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಟಿಕೆಟ್ ಇಲ್ಲವೆಂದರೆ ತಪ್ಪಾದೀತು; ಕಂಡಕ್ಟರ್ ಜೀರೋ ಟಿಕೆಟ್ ಎಂದು ಒಂದನ್ನು ಹರಿದು ಕೊಡುತ್ತಾನೆ, ಅದನ್ನು ಅವ್ವ ಭದ್ರವಾಗಿ ಚೀಲದಲ್ಲಿಡುತ್ತಾಳೆ. ಆದರೆ ಮಹಾಲಕ್ಷ್ಮಿ ಗಡಿಯವರೆಗೆ ಮಾತ್ರ ಜೊತೆಗೆ ಬರುತ್ತಾಳೆ. ಬೀದರಿಗೆ ಹೋಗುವಾಗ ಗಡಿ ದಾಟಿದ ಕೂಡಲೇ ರೊಕ್ಕ ತೆಗೆಯಬೇಕು. ಆ ಕಡೆ ಶಕ್ತಿ ಯೋಜನೆ ಇದೆ, ಅದು 2023ರ ಜೂನಿನಿಂದಲೇ ಇದೆ, ಆದರೆ ಅದಕ್ಕೆ ಕರ್ನಾಟಕದ ವಿಳಾಸ ಬೇಕು. ನನ್ನ ಹೆಂಡತಿ ಔರಾದ್ ತಾಲೂಕಿನವಳು. ಮದುವೆಯಾಗಿ ಆಧಾರಿನಲ್ಲಿ ಜಹೀರಾಬಾದ್ ಬರೆಸಿದ್ದರಿಂದ ತನಗೆ ಬರಬೇಕಾಗಿದ್ದ ಶಕ್ತಿ ಹೋಯಿತು ಎಂದು ಜೂನಿನಲ್ಲಿ ನನ್ನ ಮೇಲೆ ಮುನಿಸಿಕೊಂಡಿದ್ದಳು. ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾದ ರೇವಂತ ರೆಡ್ಡಿಯವರು ನಮ್ಮ ಸಂಸಾರ ಉಳಿಸಿದರು.

ಹೀಗಾಗಿ ಲೆಕ್ಕ ಸ್ಪಷ್ಟವಾಯಿತು. ಮೂವರು ಹೆಂಗಸರು ನೂರಾರು ಕಿಲೋಮೀಟರ್ ಹೋಗಿ ಬಂದರೆ ಖರ್ಚು ಸೊನ್ನೆ, ಒಬ್ಬ ಗಂಡಸು ಮೂವತ್ತು ಕಿಲೋಮೀಟರ್ ಹೋದರೆ ಖರ್ಚು. ರ‍್ಯಾಮ್ ತರಲು ಅವ್ವ, ವೈನಿ, ನನ್ನ ಹೆಂಡತಿ ಹೊರಟರು. ಮಗಳು ಒಂದು ಚೀಟಿ ಬರೆದುಕೊಟ್ಟಳು: ಡಿಡಿಆರ್3ಎಲ್, 8 ಜಿಬಿ, ಲ್ಯಾಪ್‌ಟಾಪಿನದು. ಈ ಪ್ರೊಸೆಸರ್ ಎಂಟು ಜಿಬಿಗಿಂತ ಹೆಚ್ಚು ಒಪ್ಪುವುದಿಲ್ಲ. ವಿಂಡೋಸ್ 64 ಬಿಟ್ಟಿನದೇ ಎಂದು ಮೊದಲೇ ನೋಡಿಟ್ಟುಕೊಂಡಿದ್ದಳು. 32 ಬಿಟ್ಟಿನದಾಗಿದ್ದರೆ ನಾಲ್ಕರ ಮೇಲೆ ಹಾಕಿದ್ದೆಲ್ಲ ಅದರ ಕಣ್ಣಿಗೇ ಬೀಳುತ್ತಿರಲಿಲ್ಲ. ಚೀಟಿಯಲ್ಲಿ ‘ಎಲ್’ ಅಕ್ಷರಕ್ಕೆ ಕೆಂಪು ಸುತ್ತು. ‘ಅಜ್ಜಿ, ಈ ಅಕ್ಷರ ಇಲ್ದಿದ್ರ ತರಬ್ಯಾಡ.’

ಅವ್ವನಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಎಲ್ ಗೊತ್ತು. ಅಪ್ಪನ ಟ್ರಂಕಿನಲ್ಲಿರುವ ಎಲ್‌ಐಸಿ ಬಾಂಡುಗಳ ಮೊದಲ ಅಕ್ಷರ ಅದು. (ಎಲ್‌ಐಸಿ ಹುಟ್ಟಿದ್ದು 1956ರ ಸೆಪ್ಟೆಂಬರ್ 1ಕ್ಕೆ. ‘ಅದು ಹುಟ್ಟಿ ಎರಡು ತಿಂಗಳಿಗೆ ನಮ್ಮನ್ನು ಹರಿದ್ರು’ ಎಂದು ಪ್ರೀಮಿಯಂ ಕಟ್ಟುವ ದಿನ ಅಪ್ಪ ಹೇಳದೆ ಬಿಡುವುದಿಲ್ಲ.)

ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿ ಚಿನಾಯ್ ಟ್ರೇಡ್ ಸೆಂಟರ್ ಎಂಬುದಿದೆ. ಹೈದರಾಬಾದಿನ ಕಂಪ್ಯೂಟರ್ ಜನ ಸಿಟಿಸಿ ಅನ್ನುತ್ತಾರೆ. ಕಂಪ್ಯೂಟರಿನ ಯಾವ ಅಂಗಾಂಗ ಬೇಕಾದರೂ ಅಲ್ಲಿ ಬಿಡಿಯಾಗಿ ಸಿಗುತ್ತದೆ. ಪಟಾನ್‌ಚೆರುವಿನವರೆಗೆ ಎಕ್ಸ್‌ಪ್ರೆಸ್, ಅಲ್ಲಿಂದ ಸಿಟಿ ಬಸ್ಸು. ಮಿಯಾಪುರದಲ್ಲಿ ಮೆಟ್ರೋ ಹತ್ತಿದ್ದರೆ ತಂಪಾಗಿ ಹೋಗಬಹುದಿತ್ತಲ್ಲ ಎಂದು ಆಮೇಲೆ ಕೇಳಿದಾಗ ವೈನಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಮೆಟ್ರೋದಲ್ಲಿ ಜೀರೋ ಟಿಕೆಟ್ ಇಲ್ಲ.

ಮುಂದಿನದು ಅವ್ವನ ಬಾಯಲ್ಲಿ ಕೇಳಿದ್ದು. ಕೌಂಟರಿನ ಹುಡುಗ ಎರಡು ಪಟ್ಟಿಗಳನ್ನು ಗಾಜಿನ ಮೇಲಿಟ್ಟ. ಬೆರಳುದ್ದದ ಹಸಿರು ಪಟ್ಟಿ, ಕೆಳಗಿನ ಅಂಚಿಗೆ ಬಂಗಾರದ ಬಣ್ಣದ ಹಲ್ಲು, ನಡುವಿನಿಂದ ಸ್ವಲ್ಪ ಸರಿದು ಒಂದು ಕಚ್ಚು. ಡಿಡಿಆರ್3ಕ್ಕೂ ಡಿಡಿಆರ್3ಎಲ್‌ಗೂ ಹಲ್ಲು 204, ಕಚ್ಚೂ ಒಂದೇ ಕಡೆ, ಕಣ್ಣಿಗೆ ಅವಳಿಜವಳಿ. ವ್ಯತ್ಯಾಸ ಇರುವುದು ಕುಡಿಯುವ ವಿದ್ಯುತ್ತಿನಲ್ಲಿ. ಒಂದಕ್ಕೆ 1.5 ವೋಲ್ಟ್ ಬೇಕು, ಎಲ್ ಇರುವುದು 1.35ಕ್ಕೇ ತೃಪ್ತ. ನಮ್ಮ ಪ್ರೊಸೆಸರ್ ಕೊಡುವುದು 1.35 ಮಾತ್ರ. ಹುಡುಗ ‘ದೋನೋಂ ಏಕೀಚ್ ಹೈ ಅಮ್ಮಾ, ಯೇ ಸಸ್ತಾ ಹೈ’ ಎಂದ. ಅವ್ವ ಕನ್ನಡಕ ಏರಿಸಿ ಎರಡರ ಚೀಟಿಯನ್ನೂ ಓದಿದಳು. ಒಂದರ ಮೇಲೆ ಪಿಸಿ3-12800ಎಸ್, ಇನ್ನೊಂದರ ಮೇಲೆ ಪಿಸಿ3ಎಲ್-12800ಎಸ್. ‘ಏಕೀಚ್ ಹೈ ತೋ ಇಸ್ ಪೇ ಎಲ್ ಕಾಯ್ಕು ಲಿಖೇ?’

ಹುಡುಗ ಮಾತಾಡದೆ ಎಲ್ ಇಲ್ಲದ್ದನ್ನು ಒಳಗಿಟ್ಟನಂತೆ. ಆಮೇಲೆ ಬೆಲೆಯ ಮಾತು. ಎಐ ಬಂದು ರ‍್ಯಾಮ್ ತುಟ್ಟಿಯಾಗಿದೆ, ಹಳೆಯ ಡಿಡಿಆರ್3 ಕೂಡ ಏರಿದೆ ಎಂದು ಮಾಲೀಕ ಸ್ವತಃ ಎದ್ದು ಬಂದು ಹೇಳಿದರು. ‘ಅವ್ರು ಉಂಡ್ರ ನಾವ್ಯಾಕ ರೊಕ್ಕ ಕೊಡಬೇಕು?’ ಎಂದು ಅವ್ವ ಕನ್ನಡದಲ್ಲಿ ಕೇಳಿದಳು, ವೈನಿ ತೆಲುಗಿನಲ್ಲಿ ಕೇಳಿದಳು, ನನ್ನ ಹೆಂಡತಿ ಹುಟ್ಟೂರಿನ ಮರಾಠಿಯಲ್ಲಿ ಕೇಳಿದಳು. ಎಷ್ಟು ಇಳಿಸಿದರೋ ಹೇಳಲಿಲ್ಲ. ಇಳಿಸಿದ ರೊಕ್ಕಕ್ಕೆ ಮೊಂಡಾ ಮಾರ್ಕೆಟ್ಟಿನಿಂದ ಸ್ಟೀಲ್ ಡಬ್ಬಿಗಳು ಬಂದದ್ದನ್ನು ನೋಡಿದೆ.

ಶಸ್ತ್ರಚಿಕಿತ್ಸೆ ನಡುಮನೆಯಲ್ಲಿ, ಮಾಮಾ ಕೊಟ್ಟ ತಾಂಡೂರು ಕಲ್ಲಿನ ನೆಲದ ಮೇಲೆ. ಚಾಪೆ ಬೇಡ, ನೈಲಾನ್ ಸೀರೆಯವರು ಹತ್ತಿರ ಬರಬೇಡಿ ಎಂದು ಮಗಳ ಆಜ್ಞೆ. ಚಳಿಗಾಲದ ನಮ್ಮ ಒಣಹವೆಯಲ್ಲಿ ನೈಲಾನಿಗೆ ಮೈ ಉಜ್ಜಿದರೆ ಹುಟ್ಟುವ ಚಿಟಿಕೆ ಕರೆಂಟು ನಮಗೆ ಚುರುಕ್ ಎನ್ನಿಸಿ ಹೋಗುತ್ತದೆ, ಚಿಪ್ಪಿನ ಪ್ರಾಣವನ್ನೇ ತೆಗೆಯಬಹುದು. ಅವಳು ಮೊದಲು ಕಿಟಕಿಯ ಕಬ್ಬಿಣದ ಸರಳು ಮುಟ್ಟಿ ಬಂದಳು. ಅದನ್ನು ನೋಡಿ ಅವ್ವ ಇದೂ ಒಂದು ಮಡಿಯೇ ಇರಬೇಕೆಂದು ತಾನೂ ಮುಟ್ಟಿ ಬಂದಳು. ನನಗೆ ಸಿಕ್ಕ ಕೆಲಸ ಮೊಬೈಲಿನ ಟಾರ್ಚ್ ಹಿಡಿಯುವುದು.

ಲ್ಯಾಪ್‌ಟಾಪ್ ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಮಗುಚಿ ಹಾಕಿದರು. ಕಾಣುವ ಸ್ಕ್ರೂಗಳನ್ನೆಲ್ಲ ಬಿಚ್ಚಿದರೂ ಕೆಳಗಿನ ಮುಚ್ಚಳ ಜಪ್ಪೆನ್ನಲಿಲ್ಲ. ಹಿಂದಿನ ರಬ್ಬರ್ ಪಾದಗಳನ್ನು ಉಗುರಿನಿಂದ ಎಬ್ಬಿಸಿದಾಗ ಅಡಿಯಲ್ಲಿ ಇನ್ನೆರಡು ಅಡಗಿ ಕೂತಿದ್ದವು. ಒಂದೊಂದೂ ಸಾಸಿವೆಗಿಂತ ತುಸು ದೊಡ್ಡದು, ಉದ್ದ ಬೇರೆಬೇರೆ. ಅವ್ವ ಒಗ್ಗರಣೆ ಡಬ್ಬಿ ಖಾಲಿ ಮಾಡಿ ತಂದಿದ್ದಳು. ಜೀರಿಗೆಯ ಬಟ್ಟಲಿಗೆ ಉದ್ದನೆಯವು, ಸಾಸಿವೆಯ ಬಟ್ಟಲಿಗೆ ಗಿಡ್ಡನೆಯವು, ಅರಿಶಿನದ್ದಕ್ಕೆ ರಬ್ಬರ್ ಪಾದ. ಮುಚ್ಚಳದ ಸಂದಿಗೆ ತೂರಿಸಲು ತೆಳ್ಳನೆಯ ಒಂದು ಕಾರ್ಡು ಬೇಕಾಯಿತು. ನಾನು ಹತ್ತಿರ ಬಿದ್ದಿದ್ದ ಆಧಾರ್ ಕಾರ್ಡಿಗೆ ಕೈ ಹಾಕಿದ್ದೆ. ಮೂವರೂ ಹೆಂಗಸರು ಒಟ್ಟಿಗೆ ಕಿರುಚಿದರು. ‘ಅದು ಬಸ್ಸಿಗೆ ಬೇಕು!’ ಕೊನೆಗೆ ಅವಧಿ ಮುಗಿದ ನನ್ನ ಎಟಿಎಂ ಕಾರ್ಡು ಮೊದಲ ಸಲ ಮನೆಗೆ ಉಪಯೋಗವಾಯಿತು.

ಮುಚ್ಚಳ ತೆರೆದ ಕೂಡಲೇ ಬ್ಯಾಟರಿಯ ಕೊಂಡಿ ಬಿಡಿಸಿದಳು. ರ‍್ಯಾಮಿನ ಗೂಡು ಒಂದೇ. (ಎಷ್ಟೋ ಸಣ್ಣ ಲ್ಯಾಪ್‌ಟಾಪುಗಳಲ್ಲಿ ಅದೂ ಇರುವುದಿಲ್ಲ, ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿರುತ್ತಾರೆ. ತಮ್ಮ ಹಾಗೆ ಮಾಡದ್ದನ್ನು ಕೊಂಡಿದ್ದ ಪುಣ್ಯಾತ್ಮ.) ಎರಡು ಬದಿಯ ಕ್ಲಿಪ್ಪುಗಳನ್ನು ಬೆರಳಿನಿಂದ ಹೊರಕ್ಕೆ ಸರಿಸಿದಾಗ ಹಳೆಯ ಪಟ್ಟಿ ತಾನಾಗಿಯೇ ತಲೆ ಎತ್ತಿತು. ಹೊಸದನ್ನು ಓರೆಯಾಗಿ ತೂರಿಸಿ, ಬಂಗಾರದ ಹಲ್ಲು ಕಾಣದಷ್ಟು ಒಳಗೆ ದೂಡಿ, ಮೆಲ್ಲನೆ ಕೆಳಕ್ಕೆ ಒತ್ತಿದಳು. ಟಕ್.

‘ಆಯ್ತ? ಇಷ್ಟೇ?’ ಎಂದಳು ವೈನಿ. ಸಿಕಂದರಾಬಾದಿಗೆ ಹೋಗಿ ಬಂದವರಿಗೆ ಇದು ತುಸು ಅವಮಾನವೇ.

ಅಪ್ಪ ಮಾತ್ರ ಕಿತ್ತ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಇದರಲ್ಲಿ ಇಷ್ಟು ದಿನ ತೆರೆದ ಪಹಣಿ ಇನ್ನೂ ಇದೆಯೇ ಎಂದು ಕೇಳಿದ. ಇಲ್ಲ, ಕರೆಂಟು ಹೋದ ಕೂಡಲೇ ಎಲ್ಲ ಮರೆತುಬಿಡುತ್ತದೆ ಎಂದಳು ಮಗಳು. ಕರೆಂಟು ಇದ್ದರೂ ಅಷ್ಟಕ್ಕಷ್ಟೇ. ಒಂದೊಂದು ಬಿಟ್ಟಿಗೂ ಒಂದು ಅತಿ ಸಣ್ಣ ಕೆಪಾಸಿಟರ್. ಅದರೊಳಗಿನ ಚಾರ್ಜು ಸದಾ ಸೋರುತ್ತಿರುತ್ತದೆ. ಸೋರಿ ಮುಗಿಯುವುದರೊಳಗೆ ಓದಿ ಮತ್ತೆ ತುಂಬಬೇಕು, ಪ್ರತಿ 64 ಮಿಲಿಸೆಕೆಂಡಿಗೊಮ್ಮೆ, ಲ್ಯಾಪ್‌ಟಾಪ್ ಚಾಲೂ ಇರುವಷ್ಟು ಹೊತ್ತೂ. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಎಂಬಾತ ಕಂಡುಹಿಡಿದದ್ದು, 1968ರಲ್ಲಿ ಪೇಟೆಂಟ್ ಸಿಕ್ಕಿತು. ಎರಡು ವರ್ಷದ ಮೇಲೆ ಇಂಟೆಲ್ ಮಾರಿದ 1103 ಎಂಬ ಚಿಪ್ಪಿನಲ್ಲಿ ಹಿಡಿಯುತ್ತಿದ್ದದ್ದು 1024 ಬಿಟ್ಟು, ಅಂದರೆ ನನ್ನ ಹೆಂಡತಿಯ ತವರಿನ ವಿಳಾಸ ಬರೆದು ಮುಗಿಯುವಷ್ಟು. ಹೇಳಿದ್ದನ್ನೇ ಹೇಳುತ್ತಿರದಿದ್ದರೆ ಅದು ಅಳಿಸಿಹೋಗುತ್ತದೆ ಎಂಬುದು ಅಪ್ಪನಿಗೆ ವಿವರಿಸದೆಯೇ ಅರ್ಥವಾಯಿತು. ನಾವು ಮನೆಮಂದಿ ಒಬ್ಬರ ಮುಖ ಒಬ್ಬರು ನೋಡಿದೆವು. ನಿರ್ಣಾ ಸರ್ಕಲ್ಲಿನ ಕತೆಯನ್ನು ಅವನು ಊಟಕ್ಕೊಮ್ಮೆ ಹೇಳುವುದಕ್ಕೆ ಇನ್ನು ಮುಂದೆ ಅಮೆರಿಕದ ಪೇಟೆಂಟಿನ ಬೆಂಬಲವೂ ಸಿಕ್ಕಿದಂತಾಯಿತು.

ಹಳೆಯ ಪಟ್ಟಿಯನ್ನು ಅವನು ಕರವಸ್ತ್ರದಲ್ಲಿ ಸುತ್ತಿ ಟ್ರಂಕಿಗೆ ಹಾಕಿದ. ಅದೇನು ಮಾಡುತ್ತೀ ಎಂದರೆ ‘ನಾಳಿ ಎರಡೂ ರಾಜ್ಯ ಒಂದ್ ಮಾಡಿದ್ರಂದ್ರ ಎರಡು ಜಿಬಿ ಸಾಕಾಗ್ತದ’ ಎಂದ.

ಲ್ಯಾಪ್‌ಟಾಪ್ ಎದ್ದು ಕೂತಿತು. ಎಂಟು ಜಿಬಿ ಎಂದು ತೋರಿಸಿತು. ಎಡಕ್ಕೆ ಭೂ ಭಾರತಿ, ಬಲಕ್ಕೆ ಭೂಮಿ, ಹಿಂದೆ ಧಾರಾವಾಹಿ ಬೇರೆ ಓಡುತ್ತಿತ್ತು. ಅಪ್ಪ ಕುರ್ಚಿ ಎಳೆದು, ಕಾಗದ ಪೆನ್ಸಿಲ್ ಹಿಡಿದು, ಎಕರೆ ಎಕರೆಗೆ ಗುಂಟೆ ಗುಂಟೆಗೆ ಕೂಡಿಸಿದ. ಒಂದು ಕಡೆ ಅವನ ಹೆಸರಿನ ಮುಂದೆ ಮನೆತನ ಕೂತಿದೆ, ಇನ್ನೊಂದು ಕಡೆ ಹೆಸರಿನ ಹಿಂದೆ ಅಜ್ಜ ನಿಂತಿದ್ದಾನೆ. ಅಪರಿಚಿತರು ನೋಡಿದರೆ ಇಬ್ಬರು ರೈತರೆಂದುಕೊಳ್ಳಬೇಕು. ಕೂಡಿಸಿ ಕಳೆದು ನೋಡಿದಾಗ ಅಜ್ಜ ಹೇಳುತ್ತಿದ್ದ ಲೆಕ್ಕಕ್ಕೆ ಮೂರು ಗುಂಟೆ ಕಡಿಮೆ ಬಿತ್ತು. ಎರಡನೇ ಸಲವೂ ಮೂರು ಗುಂಟೆ ಕಡಿಮೆ. ತಾಂಡೂರಿಗೆ ಫೋನ್ ಹೋಯಿತು. ಮೂರು ಗುಂಟೆ ಎಲ್ಲಿ ಹೋಯಿತು ಎಂಬುದಕ್ಕೆ ಮಾಮಾ ಒಂದು ಕ್ಷಣವೂ ಯೋಚಿಸಲಿಲ್ಲ. ‘ಭಾವಾ, ಗಡಿ ಗೆರಿ ಎಳದಾರಲ್ಲ, ಗೆರಿಗೂ ಜಾಗ ಬೇಕಲ್ಲ!’

ಅಪ್ಪ ಇನ್ನೂ ಆ ಗೆರೆಯ ಅಗಲ ಲೆಕ್ಕ ಹಾಕುತ್ತಿದ್ದಾನೆ. ಮಗಳು ಹೇಳುವ ಪ್ರಕಾರ ಲ್ಯಾಪ್‌ಟಾಪಿನ ಕೆಲಸವೂ ಮುಗಿದಿಲ್ಲ. ತಿರುಗುವ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ಚುರುಕಾಗುತ್ತದಂತೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ, 11ನ್ನು ಈ ಹಳೆಯ ಪ್ರೊಸೆಸರ್ ಒಪ್ಪುವುದಿಲ್ಲ, ಲಿನಕ್ಸ್ ಹಾಕಬೇಕು; ಅದು ಪುಕ್ಕಟೆ, ಮನೆಯಲ್ಲೇ ಇಳಿಸಿಕೊಳ್ಳಬಹುದು ಎಂದಳು. ಮನೆಯಲ್ಲೇ ಆಗುವ ಕೆಲಸದಲ್ಲಿ ಅವ್ವನಿಗೆ ಆಸಕ್ತಿ ಇರಲಿಲ್ಲ. ಆ ಇನ್ನೊಂದರ ಹೆಸರು ಮತ್ತೊಮ್ಮೆ ಹೇಳಿಸಿಕೊಂಡಳು. ಅದು ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಆನ್‌ಲೈನಿನಲ್ಲಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ವೈನಿ ಚೀಲ ಹುಡುಕುತ್ತಿದ್ದಳು.

‘ಹಬ್ಬದ ಗದ್ದಲ ಶುರು ಆಗೋದ್ರಾಗ ಹೋಗಿ ಬರ್ತೀವಿ,’ ಎಂದಳು ಅವ್ವ. ‘ಚೀಟಿ ಬರಿ. ಈ ಸಲ ಯಾವ ಅಕ್ಷರ ನೋಡಬೇಕು ಹೇಳು.’